ಸೊಂಟದ ಸುತ್ತ ಮೂರು ತಿಂಗಳು

ಮೂವತ್ತೊಂದು ವರ್ಷಗಳಿಂದ ನಾನು ಊರವರ ಸೊಂಟ ಅಳೆಯುತ್ತಿದ್ದೇನೆ. ಮದುವೆಗೆ ಮೊದಲಿನ ಸೊಂಟ, ಮದುವೆಯಾದ ಮೇಲಿನ ಸೊಂಟ, ಬಡ್ತಿ ಸಿಕ್ಕ ಮೇಲಿನ ಸೊಂಟ (ಇದಕ್ಕೆ ಬಟ್ಟೆ ಜಾಸ್ತಿ ಬೇಕು), ಎಲ್ಲಿದೆಯೆಂದು ಹುಡುಕಬೇಕಾದ ಸೊಂಟ, ಎಲ್ಲವನ್ನೂ ನೋಡಿದ್ದೇನೆ. ಅಂಥ ನನ್ನ ಸೊಂಟಕ್ಕೇ ಒಂದು ದಿನ ಇನ್ನೊಬ್ಬರು ಟೇಪು ಸುತ್ತಿದರು ಎಂದರೆ ನನಗಾದ ಅವಮಾನವನ್ನು ನೀವೇ ಊಹಿಸಿಕೊಳ್ಳಿ. ಸುತ್ತಿದವರು ನಮ್ಮ ಬೀದಿಯ ಡಾಕ್ಟರಮ್ಮ. ಅದೂ ಟೇಪನ್ನು ತಿರುಚಿ ಹಿಡಿದುಕೊಂಡು!

"ನಲವತ್ತೊಂದು" ಎಂದರು.

"ನಲವತ್ತು ಇರಬೇಕು ಮೇಡಂ. ನಿಮ್ಮ ಟೇಪು ಹಳೇದು" ಎಂದೆ ನಾನು, ವೃತ್ತಿಯ ಗಾಂಭೀರ್ಯದಿಂದ.

ಜೊತೆಗೆ ಬಂದಿದ್ದ ನನ್ನ ಅರ್ಧಾಂಗಿ ಸುಮ್ಮನಿರಬಾರದೇ? "ಹಳೇ ಟೇಪು ಜಗ್ಗಿ ಉದ್ದ ಆಗುತ್ತೆ ಕಣ್ರೀ. ಉದ್ದ ಆದ್ರೆ ಕಮ್ಮಿ ತೋರಿಸುತ್ತೆ. ಹಾಗಾದ್ರೆ ನಿಮ್ಮದು ನಲವತ್ತೆರಡು" ಎಂದಳು. ಡಾಕ್ಟರಮ್ಮ ನಲವತ್ತೊಂದನ್ನು ಹೊಡೆದು ನಲವತ್ತೆರಡು ಬರೆದುಕೊಂಡರು.

ಆಮೇಲೆ ರಕ್ತ ಪರೀಕ್ಷೆಯ ಚೀಟಿ ನೋಡಿ ಅವರು ಹೇಳಿದ್ದು ತಮಾಷೆಯದಾಗಿರಲಿಲ್ಲ. "ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ಇನ್ನೂ ಒಳಗೆ ಬಂದಿಲ್ಲ. ರಕ್ತದೊತ್ತಡಾನೂ ಸ್ವಲ್ಪ ಮೇಲಿದೆ. ಹೊಟ್ಟೆ ಸುತ್ತ ಬೊಜ್ಜು, ಎಣ್ಣೆ, ಉಪ್ಪು, ಸಿಹಿ, ದಿನವಿಡೀ ಕೂತ ಕಡೆ ಕೆಲಸ. ಹೀಗೇ ಇದ್ರೆ ಹೃದಯ, ಕಿಡ್ನಿ, ಕಣ್ಣು ಎಲ್ಲಕ್ಕೂ ತೊಂದರೆ. ಊಟ ಸರಿ ಮಾಡ್ಕೊಂಡು ನಡೆದಾಡಿದ್ರೆ ಮಾತ್ರೆ ಬೇಡವೇ ಬೇಡ ಅನ್ನೋ ಹಾಗಾಗಬಹುದು. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ."

ಕಣ್ಣು ಎಂದ ಕೂಡಲೇ ನನಗೆ ಅಪ್ಪ ನೆನಪಾದರು. ನಮ್ಮಪ್ಪನೂ ದರ್ಜಿಯೇ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದು, ಸೂಜಿಗೆ ದಾರ ಪೋಣಿಸಲು ಮಾತುಮಾತಿಗೂ ಅಮ್ಮನನ್ನು ಕರೆಯುತ್ತಿದ್ದರು. ಬರಬರುತ್ತ ಕರೆಯುವುದನ್ನೂ ಬಿಟ್ಟು, ಮಿಶನ್ನಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಅದನ್ನು ಕಣ್ಣಾರೆ ನೋಡಿದವನು ನಾನು. ಕಣ್ಣಿಲ್ಲದ ದರ್ಜಿ ಎಂದರೆ ಏನು ಎಂದು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ.

ಆದರೆ ಹೆದರಿಕೆ ಅನ್ನುವುದು ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೆ. ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಬೇಕರಿ ಇದೆ. ದಾರಿಯಲ್ಲಿ ಏನು, ನಮ್ಮ ಗೋಡೆಗೇ ಅಂಟಿಕೊಂಡಿದೆ! ಮುಂದಿನ ಕೋಣೆ ನನ್ನ ಅಂಗಡಿ, ಪರದೆಯ ಹಿಂದೆ ಮನೆ, ಎಡಗಡೆ ಗೋಡೆಯಾಚೆ ಬೇಕರಿಯ ಒಲೆ. ಸಂಜೆ ನಾಲ್ಕಕ್ಕೆ ಬೇಕರಿಯಣ್ಣ ಗೋಡೆ ತಟ್ಟುತ್ತಾನೆ. ಕ್ರೀಮ್ ಬನ್ ಬಿಸಿಯಾಗಿದೆ ಎಂದು ಅರ್ಥ. ನಾನು ತಿರುಗಿ ಎರಡು ಸಲ ತಟ್ಟಿದರೆ ಎರಡು ಬನ್ನು. ಹನ್ನೊಂದು ವರ್ಷಗಳಿಂದ ನಡೆದುಕೊಂಡು ಬಂದ ತಂತಿ ಸಂದೇಶ ಇದು.

ಮರುದಿನವೇ ನಮ್ಮ ಮನೆಯಲ್ಲಿ ಆಹಾರ ಕ್ರಾಂತಿಯಾಯಿತು. ನನ್ನ ತಟ್ಟೆಯ ಅರ್ಧ ಭಾಗವನ್ನು ಸೊಪ್ಪು ತರಕಾರಿ ಆಕ್ರಮಿಸಿಕೊಂಡವು. ಕಾಲು ಭಾಗ ಕಾಳು. ಉಳಿದ ಕಾಲು ಭಾಗದಲ್ಲಿ ಅನ್ನ, ನಿರಾಶ್ರಿತರ ಹಾಗೆ ಮೂಲೆಯಲ್ಲಿ ಕೂತಿತ್ತು. ಉಪ್ಪಿನ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಸಕ್ಕರೆ ಡಬ್ಬಿ ಎಲ್ಲಿಗೆ ಹೋಯಿತೋ ಇವತ್ತಿಗೂ ತಿಳಿಯದು.

"ಏನೇ ಇದು, ತಟ್ಟೆಯೋ ತೋಟವೋ?"

"ತಿಂದು ನೋಡಿ, ಆಮೇಲೆ ಮಾತಾಡಿ."

"ಅಗಿದು ಅಗಿದು ದವಡೆ ನೋಯ್ತಿದೆ."

"ನೋಯ್ಲಿ ಬಿಡಿ. ಇಷ್ಟು ದಿನ ಅದಕ್ಕೆ ಮಾತಾಡೋದು ಬಿಟ್ಟು ಬೇರೆ ಕೆಲಸ ಎಲ್ಲಿತ್ತು?"

ನನ್ನಾಕೆಗೆ ತೂಕದ ಯಂತ್ರದಲ್ಲಿ ನಂಬಿಕೆಯಿಲ್ಲ. ದರ್ಜಿಯ ಹೆಂಡತಿಯಲ್ಲವೇ? ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಅವಳದೇ ಕೈಕೆಲಸ. "ಪ್ಯಾಂಟು ಸುಳ್ಳು ಹೇಳಲ್ಲ" ಎಂದು ಪ್ರತಿ ಭಾನುವಾರ ಬೆಳಿಗ್ಗೆ ನನ್ನನ್ನು ಗೋಡೆಗೆ ನಿಲ್ಲಿಸಿ ಪ್ಯಾಂಟಿನ ಸೊಂಟದೊಳಗೆ ಬೆರಳು ತೂರಿಸಿ ನೋಡುವ ಪದ್ಧತಿ ಶುರು ಮಾಡಿದಳು. ಮೊದಲ ಭಾನುವಾರ ಒಂದು ಬೆರಳೂ ಹೋಗಲಿಲ್ಲ. (ಹೋಗುವುದು ಹೇಗೆ? ಆ ವಾರ ನಾನು ಗೋಡೆ ತಟ್ಟಿದ್ದು ಹದಿನಾಲ್ಕು ಸಲ.) ಅವಳ ಮುಖ ಬಾಡಿತು. "ನಾನು ಒಬ್ಬಳೇ ಒದ್ದಾಡಬೇಕು" ಎಂದು ಒಳಗೆ ಹೋದಳು.

ಅವಳ ಮುಖ ಬಾಡಿದರೆ ನನಗೆ ಸಹಿಸಲಾಗದು. ಅವಳಿಗೆ ಸಂತೋಷವಾಗಬೇಕು, ನನಗೆ ಬನ್ನೂ ಬೇಕು. ಎರಡಕ್ಕೂ ದಾರಿ ಯೋಚಿಸುತ್ತ ಕೂತಾಗ ಮಹತ್ತರವಾದ ಉಪಾಯವೊಂದು ಹೊಳೆಯಿತು. ಪ್ಯಾಂಟು ಸುಳ್ಳು ಹೇಳುವುದಿಲ್ಲ, ಸರಿ. ಆದರೆ ದರ್ಜಿ ಹೇಳಿಸಬಹುದಲ್ಲ! ನನ್ನ ನಾಲ್ಕೂ ಪ್ಯಾಂಟುಗಳ ಹಿಂಬದಿಯ ಹೊಲಿಗೆ ಬಿಚ್ಚಿದೆ, ಒಳಗೆ ಬಿಟ್ಟಿದ್ದ ಮಾರ್ಜಿನ್ ಬಟ್ಟೆಯಲ್ಲಿ ಒಂದೂವರೆ ಇಂಚು ಹೊರಗೆ ತಂದೆ, ಹೊಸ ಹೊಲಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ನಾನು ಒಂದೂವರೆ ಇಂಚು ಸಣ್ಣಗಾದೆ. ವಿಜ್ಞಾನಿಗಳಿಗೆ ಇದು ಹೊಳೆಯದೆ ಹೋದದ್ದು ಆಶ್ಚರ್ಯವೇ.

ಎರಡನೆಯ ಭಾನುವಾರ ಎರಡು ಬೆರಳು ಸಲೀಸಾಗಿ ಹೋದವು. ನನ್ನಾಕೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಅಬ್ಬಾ! ಒಂದೇ ವಾರಕ್ಕೆ! ಸೊಪ್ಪಿನ ಮಹಿಮೆ ನೋಡ್ರೀ" ಎಂದು ಬಾಯಿಗೆ ಸೆರಗು ಹಿಡಿದುಕೊಂಡಳು. ಆನಂದಬಾಷ್ಪ ಎಂದುಕೊಂಡೆ. ಆ ಸಂಜೆ ಗೋಡೆಯನ್ನು ಮೂರು ಸಲ ತಟ್ಟಿದೆ.

ಬುಧವಾರ ಬೆಳಿಗ್ಗೆ ಇಸ್ತ್ರಿ ಮಾಡಿಟ್ಟ ಪ್ಯಾಂಟನ್ನು ಹಾಕಿಕೊಂಡೆ. ಬಿಗಿ. ಇನ್ನೊಂದನ್ನು ಹಾಕಿಕೊಂಡೆ. ಅದೂ ಬಿಗಿ. ಒಂದೂವರೆ ಇಂಚು ಬಿಡಿಸಿದ ಪ್ಯಾಂಟು ಮೂರೇ ದಿನದಲ್ಲಿ ಬಿಗಿ! ಸರಿ, ಮೂರನೆಯ ಬನ್ನಿನ ಪ್ರಭಾವ ಇರಬೇಕು ಎಂದು, ಅವಳು ನೋಡುವ ಮೊದಲೇ ಮುಗಿಸುವ ಆತುರದಲ್ಲಿ, ಇದ್ದ ಹೊಲಿಗೆ ಯಾವುದೆಂದು ನೋಡದೆ ಬಿಚ್ಚಿ ಉಳಿದಿದ್ದ ಮುಕ್ಕಾಲು ಇಂಚನ್ನೂ ಬಿಡಿಸಿದೆ. ಮುಂದಿನ ಮಂಗಳವಾರದ ಹೊತ್ತಿಗೆ ಗುಂಡಿ ಹಾಕುವಾಗ ಉಸಿರು ಬಿಗಿಹಿಡಿಯಬೇಕಾಯಿತು. ಬಿಡಿಸಲು ಪ್ಯಾಂಟಿನಲ್ಲಿ ಬಟ್ಟೆಯೇ ಉಳಿದಿರಲಿಲ್ಲ.

ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹತ್ತು ದಿನದಲ್ಲಿ ಎರಡೂಕಾಲು ಇಂಚು! ಇದು ಬೊಜ್ಜಲ್ಲ, ಏನೋ ಒಳಗಿನಿಂದ ಊದಿಕೊಂಡು ಬರುತ್ತಿದೆ. ಬಾಗಿಲಲ್ಲಿ ನಿಂತಿದ್ದ ಕಾಯಿಲೆ ಚಪ್ಪಲಿ ಬಿಟ್ಟು ಒಳಗೆ ಬಂದಿದೆ. ಹೆಂಡತಿಗೆ ಹೇಳೋಣವೆಂದರೆ ಬಿಡಿಸಿದ ಕಥೆಯನ್ನೂ ಹೇಳಬೇಕು. ಡಾಕ್ಟರಮ್ಮನ ಹತ್ತಿರ ಹೋಗೋಣವೆಂದರೆ ಅವರು ಹೆಂಡತಿಗೆ ಹೇಳುತ್ತಾರೆ. ಕುತ್ತಿಗೆಯಲ್ಲಿ ಸದಾ ನೇತಾಡುವ ಟೇಪನ್ನು ನನ್ನ ಸೊಂಟಕ್ಕೆ ಸುತ್ತಿ ನೋಡುವ ಧೈರ್ಯವೂ ಬರಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಒಂದು ಸಲ ತಪ್ಪಿದರೂ ಅಪ್ಪನ ಮುಖ ನೆನಪಾಗಿ ದಾರವನ್ನು ಕೆಳಗಿಟ್ಟುಬಿಡುತ್ತಿದ್ದೆ.

ಅಂದು ನಾಲ್ಕು ಗಂಟೆಗೆ ಗೋಡೆ ಸದ್ದಾಯಿತು. ನಾನು ತಿರುಗಿ ತಟ್ಟಲಿಲ್ಲ. ಮರುದಿನವೂ ತಟ್ಟಲಿಲ್ಲ. ಮೂರನೆಯ ದಿನ ಬೇಕರಿಯಣ್ಣ ಹಿಟ್ಟಿನ ಕೈಯಲ್ಲೇ ಓಡಿ ಬಂದ.

"ಯಾಕ್ ಮಾಸ್ಟ್ರೇ, ಹುಷಾರಿಲ್ವಾ? ನಮ್ಮ ಬನ್ನಲ್ಲಿ ಏನಾದ್ರೂ ಕಡಿಮೆ ಆಯ್ತಾ?"

"ನಿನ್ನ ಬನ್ನಲ್ಲಿ ಏನೂ ಕಡಿಮೆಯಿಲ್ಲಪ್ಪ. ನನ್ನಲ್ಲೇ ಜಾಸ್ತಿಯಾಗಿದೆ" ಎಂದೆ.

ಅಲ್ಲಿಂದ ನಾನು ತಪಸ್ಸಿಗೆ ಕೂತೆ, ಅಲ್ಲ, ತಪಸ್ಸಿಗೆ ನಡೆದೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ. ತಟ್ಟೆಯಲ್ಲಿದ್ದ ಸೊಪ್ಪನ್ನೆಲ್ಲ ತಿಂದು ಇನ್ನೊಂದಿಷ್ಟು ಬಡಿಸು ಎಂದೆ. ಸಕ್ಕರೆಯಿಲ್ಲದ ಚಹಾ ಮೊದಲ ವಾರ ಕಷಾಯ, ಎರಡನೆಯ ವಾರ ಶಿಕ್ಷೆ, ಐದನೆಯ ವಾರ ಅಭ್ಯಾಸವಾಯಿತು. ಆಶ್ಚರ್ಯವೆಂದರೆ ಬೆಳಿಗ್ಗೆ ಏಳುವಾಗ ಮೈ ಹಗುರ. ಮಧ್ಯಾಹ್ನ ಮಿಶನ್ನಿನ ಮೇಲೆ ತೂಕಡಿಸುವುದು ನಿಂತಿತು. ಊಟದಲ್ಲಿ ಬೀನ್ಸಿನ ರುಚಿ ಬೇರೆ, ಬಟಾಣಿಯ ರುಚಿ ಬೇರೆ ಎನ್ನುವುದು ಐವತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು. ನಿಜ ಹೇಳುತ್ತೇನೆ, ಸುಖವಾಗಿದ್ದೆ. ಆದರೆ ಆ ದರಿದ್ರ ಪ್ಯಾಂಟು ಮಾತ್ರ ಸಡಿಲವಾಗಲೊಲ್ಲದು! ಎರಡು ದಿನ ಸ್ವಲ್ಪ ಬಿಟ್ಟ ಹಾಗೆ ಕಾಣುವುದು, ಒಗೆದು ಬಂದರೆ ಮತ್ತೆ ಹಿಡಿಯುವುದು. ಬಟ್ಟೆ ಕುಗ್ಗುತ್ತಿರಬಹುದೆಂದು ಮಿಲ್ಲಿಗೆ ಒಂದು ಖಾರವಾದ ಪತ್ರವನ್ನೂ ಬರೆದಿಟ್ಟೆ. ಭಾನುವಾರಗಳಂದು ನಾನು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತರೆ ನನ್ನಾಕೆ ಒಂದು ಬೆರಳು ತೂರಿಸಿ, "ಪರವಾಗಿಲ್ಲ, ಇಳೀತಿದೆ. ಇನ್ನೂ ಇಳೀಬೇಕು" ಎನ್ನುತ್ತಿದ್ದಳು.

ಮೂರು ತಿಂಗಳು ಕಳೆಯಿತು. ಬಲಿಪಶುವಿನಂತೆ ಡಾಕ್ಟರಮ್ಮನ ಮುಂದೆ ನಿಂತೆ. ಅವರು ಟೇಪು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಮೂವತ್ತೇಳೂವರೆ! ಸಕ್ಕರೆ ಮಾಮೂಲಿಗೆ ಬಂದಿದೆ, ಒತ್ತಡಾನೂ ಇಳಿದಿದೆ. ಹೀಗೇ ಮುಂದುವರಿಸಿ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ. ಈಗ ಮಾತ್ರೆ ಏನೂ ಬೇಡ. ಹೇಗ್ರೀ ಮಾಡಿದ್ರಿ?"

ನನ್ನ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡ ಮೇಲೆ ನಾಲಿಗೆ ಚುರುಕಾಯಿತು. ಹೊರಗೆ ಸರದಿಗೆ ಕೂತಿದ್ದ ಹತ್ತು ಜನ ರೋಗಿಗಳಿಗೆ ಇಂದ್ರಿಯ ನಿಗ್ರಹದ ಬಗ್ಗೆ, ಮನೋಬಲದ ಬಗ್ಗೆ, ಗಂಡಸಿನ ಛಲದ ಬಗ್ಗೆ ಇಪ್ಪತ್ತು ನಿಮಿಷ ಉಪನ್ಯಾಸ ಮಾಡಿದೆ. ನನ್ನಾಕೆ ಪಕ್ಕದಲ್ಲಿ ಕೂತು ಕಿಟಕಿ ನೋಡುತ್ತಿದ್ದಳು.

ಮನೆಗೆ ಬಂದಮೇಲೆ ತಲೆಯೊಳಗಿನ ದರ್ಜಿ ಎಚ್ಚರಗೊಂಡ. ಸೊಂಟ ಸುಮಾರು ನಾಲ್ಕು ಇಂಚು ಇಳಿದಿದೆ. ಪ್ಯಾಂಟನ್ನು ಎರಡೂಕಾಲು ಇಂಚು ಬಿಡಿಸಿದೆ. ಅಂದಮೇಲೆ ಅದು ಆರು ಇಂಚು ದೊಗಳೆಯಾಗಿ ಕಾಲಿಗೆ ಬೀಳಬೇಕಲ್ಲ? ಮೈಗೆ ಅಂಟಿಕೊಂಡಂತೆ ಇದೆಯಲ್ಲ! ಪ್ಯಾಂಟು ಬಿಚ್ಚಿ, ಆ ಬುಧವಾರದ ನಂತರ ಮೊದಲ ಸಲ ಒಳಮಗ್ಗುಲು ತಿರುವಿ ಬೆಳಕಿಗೆ ಹಿಡಿದೆ. ಹಿಂಬದಿಯಲ್ಲಿ, ನನ್ನ ಹೊಲಿಗೆಯ ಪಕ್ಕದಲ್ಲಿ, ಒಂದರ ಒಳಗೆ ಒಂದರಂತೆ ಏಳು ಸಾಲು ಹೊಲಿಗೆ. ಕಾಲು ಕಾಲು ಇಂಚಲ್ಲ, ಒಂದೊಂದೂ ಹತ್ತಿರ ಹತ್ತಿರ ಒಂದು ಇಂಚು ಹಿಡಿಯುತ್ತ ಹೋಗಿವೆ. ಒಂದು ಗೆರೆಯೂ ಸೊಟ್ಟಗಿಲ್ಲ. ಇಷ್ಟು ಚೆನ್ನಾಗಿ ನಾನೇ ಹೊಲಿಯಲಾರೆ ಎನ್ನಿಸಿದ ಮೇಲೆ ಯಾರ ಕೈಯೆಂದು ತಿಳಿಯಿತು.

"ಏನೇ ಇದು?" ಎಂದು ಪ್ಯಾಂಟನ್ನು ಅವಳ ಮುಂದೆ ಹಿಡಿದೆ.

"ನಿಮ್ಮ ಇಂದ್ರಿಯ ನಿಗ್ರಹ" ಎಂದಳು, ತರಕಾರಿ ಹೆಚ್ಚುತ್ತಲೇ.

"ನಿನಗೆ ಯಾವಾಗ ಗೊತ್ತಾಯ್ತು?"

"ಬೆರಳು ತೂರಿಸಿದಾಗಲೇ. ಬಿಡಿಸಿದ ಕಡೆ ಬಟ್ಟೆ ಹೊಸದರ ಹಾಗೆ ಮಿರಮಿರ ಅಂತಿರುತ್ತೆ, ಹಳೇ ಹೊಲಿಗೆ ತೂತು ಸಾಲಾಗಿ ಕಾಣ್ತಿರುತ್ತೆ. ನಿಮ್ಮ ಬೆನ್ನ ಹಿಂದೆ ಇರೋದು ನಿಮಗೆ ಕಾಣಲ್ಲ. ಒಗೆಯೋಳು ನಾನು, ನನಗೂ ಕಾಣಲ್ವಾ? ನೀವು ಮಧ್ಯಾಹ್ನ ಗೊರಕೆ ಹೊಡೀವಾಗ ಒಂದೊಂದು ಹೊಲಿಗೆ ಹಾಕ್ದೆ. ಗೊರಕೆ ನಿಂತ ಮೇಲೆ ನೀವು ವಾಕಿಂಗ್ ಹೋದಾಗ ಹಾಕ್ದೆ."

"ನಾನು ಸತ್ತೇ ಹೋಗ್ತೀನಿ ಅಂತ ಹೆದರಿದ್ದೆ ಕಣೇ!"

ಅವಳು ಚಾಕು ಕೆಳಗಿಟ್ಟಳು. "ನಾನು ಅದಕ್ಕಿಂತ ಮೊದಲೇ ಹೆದರಿದ್ದೆ. ಈ ಮನೆಗೆ ಬಂದ ಹೊಸದ್ರಲ್ಲಿ ಮಾವನೋರಿಗೆ ದಾರ ಪೋಣಿಸಿ ಕೊಡ್ತಿದ್ದೋಳು ನಾನೂ ಒಬ್ಬಳು. ನಿಮಗೂ ಪೋಣಿಸಿ ಕೊಡೋ ಶಕ್ತಿ ನನಗಿಲ್ಲ, ಅಷ್ಟೇ" ಎಂದಳು. ನಾನು ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆದೆ. ಅಂದಿನ ಊಟದಷ್ಟು ರುಚಿಯಾದ ಊಟ ನಾನು ಬೇರೆ ಮಾಡಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮರುವಾರ ಬೇಕರಿಯಣ್ಣ ಕಾಗದದಲ್ಲಿ ಸುತ್ತಿದ ಎರಡು ಪ್ಯಾಂಟು ತಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಮಾಸ್ಟ್ರೇ, ನಮ್ಮನೇಲೂ ಸೊಪ್ಪು ಶುರುವಾಗಿದೆ. ಒಂದೆರಡು ಇಂಚು ಬಿಡಿಸಿಕೊಡಿ. ನಮ್ಮೋಳಿಗೆ ಗೊತ್ತಾಗೋದು ಬೇಡ." ನಾನು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ನನ್ನಾಕೆ ಬಂದು, "ಕೊಡಿ ಅಣ್ಣ, ಸಂಜೆಗೆ ರೆಡಿ" ಎಂದು ಇಸಿದುಕೊಂಡಳು. ಅವನ ಹೆಂಡತಿ ಹಿಂದಿನ ದಿನವೇ ಬಂದು ಮಾತಾಡಿಕೊಂಡು ಹೋಗಿದ್ದಳಂತೆ. ಬಾಯಿ ಬಿಡುವುದಿಲ್ಲವೆಂದು ನನ್ನಾಕೆ ನನ್ನಿಂದ ಆಣೆ ಹಾಕಿಸಿಕೊಂಡಳು.

ಅಂದಿನಿಂದ ವಾರಕ್ಕೆರಡು ಸಲ ಅವನು ಬರುತ್ತಾನೆ. ನಾನು ಬಿಡಿಸುತ್ತೇನೆ ಎಂದು ತೆಗೆದುಕೊಳ್ಳುತ್ತೇನೆ, ಅವಳು ಹಿಡಿದು ಹೊಲಿದು ಕೊಡುತ್ತಾಳೆ. ನಿನ್ನೆ ಅಂಗಡಿ ತುಂಬ ಗಿರಾಕಿಗಳಿರುವಾಗ, ಉಸಿರು ಬಿಗಿಹಿಡಿದುಕೊಂಡೇ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಕರುಳು ಕಿತ್ತು ಬರುವಂಥ ಕನಿಕರದ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ.

"ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಎರಡು ಇಂಚು ಬಿಡಿಸಿ ಅಂದ್ರೆ ಒಂದಿಂಚು ಹಿಡೀತೀರಿ, ಅದೂ ನಾಲ್ಕು ಸಲ. ಟೇಪಿನ ಮೇಲಿನ ಅಂಕೆ ನಿಮಗೆ ಕಾಣಿಸ್ತಿಲ್ಲ ಅನ್ಸುತ್ತೆ. ನಿಮ್ಮಪ್ಪನೋರಿಗೂ ಹೀಗೇ ಶುರುವಾಗಿತ್ತಂತೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ, ಸಕ್ಕರೇನೂ ನೋಡಿಸ್ಕೊಳ್ಳಿ."

ಗಿರಾಕಿಗಳೆಲ್ಲ ಅಯ್ಯೋ ಪಾಪ ಎಂದು ನನ್ನನ್ನು ನೋಡಿದರು. ಒಬ್ಬರು ಅಳತೆಗೆ ಕೊಟ್ಟಿದ್ದ ಬಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಪರದೆ ಸಣ್ಣಗೆ ಅಲುಗಾಡುತ್ತಿತ್ತು, ಅದರ ಹಿಂದೆ ಯಾರೋ ನಗು ತಡೆದುಕೊಳ್ಳುತ್ತಿದ್ದರು.

"ಆಗಲಪ್ಪ, ನಾಳೆಯೇ ತೋರಿಸ್ಕೊಳ್ತೀನಿ" ಎಂದೆ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತ.