ಕಷಾಯದ ರುಚಿ ನೋಡುವ ಮಾವ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಸೋದರಮಾವ ವಿಷವನ್ನು ಅಂಗೈಗೆ ಸುರಿದುಕೊಂಡು ಕುಡಿದು, ಬಾಯಿ ಚಪ್ಪರಿಸಿ, "ಯಾಕೋ ಇವತ್ತು ಬೆಳ್ಳುಳ್ಳಿ ಕಮ್ಮಿ ಅದೆ ಕನವ್ವ" ಅಂದರು! ಅಡುಗೆಮನೆಯ ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು. ಈಗಲೂ ಯಾವ ಗಡಿಯಾರ ನೋಡಿದರೂ ಮೊದಲು ಆ ಹೊತ್ತೇ ಕಾಣುತ್ತದೆ.

ಅದು ವಿಷ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮುಂದಿನದನ್ನು ಹೇಳುವ ಮೊದಲು ಮಾವ ಎಂಥವರು ಅಂತ ಹೇಳಬೇಕು, ಇಲ್ಲದಿದ್ದರೆ ನೀವು ನಂಬುವುದಿಲ್ಲ.

ನಾನು ನಂಜನಗೂಡಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇರುವುದು ಬಿಳಿಗೆರೆ ಹತ್ತಿರ, ಮಾವ ಅತ್ತೆಯ ಜೊತೆ. ಮನೆಯ ಹಿತ್ತಲಲ್ಲಿ ಮಾವ ಮೂವತ್ತೆರಡು ಸೀಬೆ ಸಸಿ ಇಟ್ಟಿದ್ದಾರೆ. ಅಂಗಡಿಯ ಔಷಧಿ ಅವುಗಳ ಹತ್ತಿರ ಸುಳಿಯುವಂತಿಲ್ಲ. ಬೇವಿನ ಬೀಜ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು, ನೆನೆಸಿ, ಸೋಸಿ ಹೊಡೆಯುತ್ತಾರೆ. ಹೊಡೆಯುವ ಮುಂಚೆ, ತೀರ್ಥ ತೆಗೆದುಕೊಳ್ಳುವವರ ಹಾಗೆ ಅಂಗೈ ಗುಂಡಿ ಮಾಡಿ ಒಂದು ಗುಟುಕು ಕುಡಿಯುತ್ತಾರೆ!

"ನನ್ನ ಬಾಯ್ಗೇ ಆಗದೇ ಇದ್ದುದ್ದ ಆ ಕೂಸ್ಗಳ ಮೇಲೆ ಉಯ್ಯನಾ?" ಅನ್ನುವುದು ಅವರ ವಾದ.

"ಸಾರಿನ ರುಚೀನ ಹಿಂಗೆ ಒಂದಿನ ನೋಡ್ನಿಲ್ಲ ಈ ಮನುಸ" ಅನ್ನುವುದು ಅತ್ತೆಯ ಗೊಣಗಾಟ.

ಈ ಬೇಸಿಗೆಯಲ್ಲಿ ಸಸಿಗಳಿಗೆ ಬಿಳಿ ಹಿಟ್ಟು ಉದುರಿಸಿದಂಥ ಹುಳ ಹತ್ತಿತು. ಚಿಗುರೆಲ್ಲ ಮುರುಟಿತು. ಮಾವ ಅಂಟುವಾಳದ ನೊರೆ ಮಾಡಿ, ಹಳೇ ಪಂಚೆಯ ಚೂರಿನಿಂದ ಒಂದೊಂದೇ ಎಲೆ ಒರೆಸಿದರು. ಶನಿವಾರ ಶನಿವಾರ ಮೂವತ್ತೆರಡು ಜನಕ್ಕೆ ತಲೆಸ್ನಾನ!

"ನನ್ನ ಬೆನ್ನಿಗೆ ಒಂದ್ಸಲನಾದ್ರೂ ಒಂದು ಚೆಂಬು ನೀರು ಉಯ್ದಿದ್ದಾರಾ ಕೇಳು ಕೂಸೇ" ಅಂದರು ಅತ್ತೆ.

"ನಿಂಗೂ ಉಳ ಬಿದ್ದಿದ್ರೆ ಉಯ್ತಿರ್ನಿಲ್ವಾ?" ಅಂದರು ಮಾವ.

ಅಷ್ಟಕ್ಕೆ ನಿಂತರೆ ಅವರು ನಮ್ಮ ಮಾವ ಹೇಗಾದಾರು? ತಿ. ನರಸೀಪುರದ ಬೀಗರ ತೋಟಕ್ಕೆ ಹೋಗಿ, ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಇರುವೆಗಳನ್ನು ಗೂಡಿನ ಸಮೇತ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರು. ಅವು ಹುಳ ತಿನ್ನಲಿ ಅಂತ!

"ಚೀಲದಲ್ಲಿ ಏನು ಯಜಮಾನ್ರೇ?" ಅಂದನಂತೆ ಕಂಡಕ್ಟರ್.

"ಪೊಲೀಸ್ನೋರು ಕನಪ್ಪ."

ದಾರಿಯಲ್ಲಿ ಚೀಲದ ಬಾಯಿ ಸಡಿಲವಾಯಿತು. ಸೀಟು ಖಾಲಿ ಇದ್ದರೂ ಅರ್ಧ ಬಸ್ಸು ನಿಂತೇ ಬಂತು. ಮಾವನ ಕೈ ಊದಿ ಬನ್ನಿನ ಹಾಗಾಗಿತ್ತು. ಇಷ್ಟೆಲ್ಲ ಆಗಿ, ಆ ಕೆಂಜಿಗಗಳು ಹುಳವನ್ನು ಮುಟ್ಟಲಿಲ್ಲ. ಹುಳ ಸುರಿಸುವ ಸಿಹಿ ಅಂಟನ್ನು ನೆಕ್ಕುತ್ತಾ, ಹಸು ಕಾದ ಹಾಗೆ ಕಾಯತೊಡಗಿದವು!

"ಥೂ, ಕಳ್ರ ಜೊತೆ ಸೇರ್ಕಂಡ್ರಲ್ಲಾ" ಅಂದರು ಮಾವ. ಆದರೂ ಕೊಲ್ಲಲು ಮನಸ್ಸಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೋಗಿ ವಾಪಸ್ಸು ಬಿಟ್ಟು ಬರುವುದೆಂದು ತೀರ್ಮಾನಿಸಿದರು.

ಅಷ್ಟರಲ್ಲಿ ಐದು ಸಸಿ ಒಣಗಿದ್ದವು. ನಾನು ವಿಜ್ಞಾನ ಓದಿದವಳಲ್ಲವೇ? ನಂಜನಗೂಡಿನ ಅಂಗಡಿಯಿಂದ ಹುಳದ ಔಷಧಿಯ ಒಂದು ಬಾಟಲಿ ತಂದು ಬ್ಯಾಗಿನಲ್ಲಿ ಬಚ್ಚಿಟ್ಟೆ. ಮಾವ ಕೆಂಜಿಗದ ಚೀಲ ಹಿಡಿದು ಬಸ್ಸಿಗೆ ಹೊರಟ ಮೇಲೆ ಅವರ ಕಷಾಯದ ಬಕೆಟ್ಟಿಗೇ ಸುರಿದೆ. ಬೇಗ ಕೆಲಸ ಮಾಡಲಿ ಅಂತ, ಬಾಟಲಿಯ ಮೇಲೆ ಬರೆದಿದ್ದಕ್ಕಿಂತ ಎರಡರಷ್ಟು. ಬಾಟಲಿಯನ್ನು ಮತ್ತೆ ಬ್ಯಾಗಿಗೆ ಸೇರಿಸಿ, ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ತರಲು ಅಡುಗೆಮನೆಗೆ ಬಂದೆ.

ಆ ದಿನ ಬಸ್ಸು ಬರಲಿಲ್ಲ. ಮಾವ ವಾಪಸ್ಸು ಬಂದು ನೇರ ಹಿತ್ತಲಿಗೆ, ಬಕೆಟ್ಟಿನ ಹತ್ತಿರ ಹೋಗಿದ್ದರು.

"ಮಾವ, ಬೇಡ!" ಅಂತ ನಾನು ಕೂಗಿದ್ದು ಅವರು ಕುಡಿದು ಬೆಳ್ಳುಳ್ಳಿಯ ಮಾತು ಆಡಿದ ಮೇಲೆ.

"ಅದರೊಳಗೆ ಏನೋ ಬಿದ್ದಿದೆ, ಆಸ್ಪತ್ರೆಗೆ ನಡೀರಿ" ಅಂದೆ. ಏನು ಬಿದ್ದಿದೆ ಅಂತ ಹೇಳಲಿಲ್ಲ. ಆಟೋದಲ್ಲಿ ಅತ್ತೆ ಒಂದು ಕಡೆ, ನಾನು ಒಂದು ಕಡೆ, ನಡುವೆ ಮಾವ. "ಆಟೋ ಮಾಡ್ಸಿದ್ಮೇಲೆ ಇರುವೆ ಚೀಲಾನೂ ತಕ್ಕಬರದಲ್ವಾ? ಅಂಗೇ ಬಿಟ್ಟು ಬರ್ಬೋದಾಗಿತ್ತು" ಅಂದರು ಮಾವ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿತು. ಬಾಯಿಂದ ಜೊಲ್ಲು ಸುರಿಯಿತು. ಮಾತು ತೊದಲಿತು. ಬಾಟಲಿ ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿತ್ತು. ಅದರ ಜಿಪ್ಪನ್ನು ಅಂಗೈಯಿಂದ ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಏನು ಕುಡಿದರೆಂದು ಕೇಳಿದರು. "ಬೇವಿನ ಕಸಾಯ ಸಾ, ಯಾವಾಗ್ಲೂ ಕುಡೀತರೆ" ಅಂದರು ಅತ್ತೆ.

ಡಾಕ್ಟರು ಮಾವನ ಕಣ್ಣಿಗೆ ಟಾರ್ಚು ಬಿಟ್ಟರು. "ಬೇವಿಗೆ ಕಣ್ಣಿನ ಪಾಪೆ ಹೀಗೆ ಸೂಜಿಮೊನೆ ಆಗಲ್ಲಮ್ಮ. ಬೇರೆ ಏನು? ಗೊತ್ತಾದರೆ ಬದುಕಿಸಬಹುದು."

ನಾನು ಬ್ಯಾಗಿನ ಜಿಪ್ಪು ಎಳೆದೆ. ಬಾಟಲಿಯನ್ನು ಅತ್ತೆಯ ಕಣ್ಣ ಮುಂದೆಯೇ ಮೇಜಿನ ಮೇಲಿಟ್ಟೆ.

"ಇದನ್ನ ಬಂದ ತಕ್ಷಣ ಹೇಳಬಾರದಿತ್ತಾ?" ಅಂದ ಡಾಕ್ಟರು ಉತ್ತರಕ್ಕೆ ಕಾಯಲಿಲ್ಲ, ಇಂಜೆಕ್ಷನ್ನಿಗೆ ಓಡಿದರು.

ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆ. ಒಂಬತ್ತು ದಿನ. ಅತ್ತೆ ನನ್ನನ್ನು ಮನಸಾರೆ ಬೈದು, ಕೊನೆಗೆ "ಉಣ್ಣು ಬಾ" ಅಂದರು. ನಡುವೆ ಒಂದು ದಿನ ಊರಿಗೆ ಹೋಗಿ, ಚೀಲದಿಂದ ಹೊರಬಂದು ಮತ್ತೆ ಗಿಡ ಹತ್ತಿದ್ದ ಕೆಂಜಿಗಗಳನ್ನು ಕಚ್ಚಿಸಿಕೊಂಡೇ ಹಿಡಿದು, ತಿ. ನರಸೀಪುರಕ್ಕೆ ಬಿಟ್ಟು ಬಂದರು. ಮಾವ ಉಳಿದರೆ ಆ ಕೆಲಸ ತಾನೇ ಮಾಡುತ್ತೇನೆಂದು ಹರಕೆ ಹೊತ್ತಿದ್ದರಂತೆ! ನೋಡಲು ಬಂದ ನೆಂಟರಿಗೆಲ್ಲ ಮಾವ ಒಂದೇ ಕಥೆ ಹೇಳಿದರು: "ನಾನೇ ಬಕೆಟ್ಟು ಬದ್ಲಾಯಿಸ್ಕಂಡೆ ಕಣ್ರೀ, ವಯಸ್ಸಾಯ್ತು."

ಮನೆಗೆ ಬಂದ ಮೇಲೂ ಮೂವರಿಗೂ ನಿದ್ದೆಯಿಲ್ಲ. ನಾನು ಎದ್ದು ಹೋಗಿ ಅವರ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅವರು, "ಇನ್ನೂ ಇವ್ನಿ ಕನವ್ವ, ಮನಿಕೊ" ಅನ್ನುತ್ತಿದ್ದರು.

ಶನಿವಾರಗಳಲ್ಲಿ ಎಲೆ ಒರೆಸುವ ಕೆಲಸ ನನ್ನದಾಯಿತು. ಕೆಂಜಿಗದ ಕಾವಲು ತಪ್ಪಿದ್ದರಿಂದ ಹುಳ ಕಡಿಮೆಯಾಯಿತು, ಉಳಿದ ಇಪ್ಪತ್ತೇಳು ಸಸಿಗಳಲ್ಲಿ ಚಿಗುರು ಬಂತು. ಒಂದು ಸಂಜೆ ಹೊಸ ಬಕೆಟ್ಟಿನಲ್ಲಿ ನಾನೇ ಕಷಾಯ ಸೋಸಿದೆ. ಮಾವ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತರು. ಅವರು ಕೈ ಚಾಚುವ ಮೊದಲೇ ನಾನು ಅಂಗೈ ಗುಂಡಿ ಮಾಡಿ ಒಂದು ಗುಟುಕು ಕುಡಿದೆ. ಕಹಿಗೋ ಖಾರಕ್ಕೋ, ಕಣ್ಣಲ್ಲಿ ನೀರು ಬಂತು.

ಮಾವ ನನ್ನನ್ನೇ ನೋಡುತ್ತಿದ್ದರು. "ಬೆಳ್ಳುಳ್ಳಿ ಸರಿಯಾಗಿ ಅದಾ?"

"ಸರಿಯಾಗಿದೆ ಮಾವ."

"ಅಂಗಾದ್ರೆ ಒಡಿ" ಅಂದರು. ತಾವು ರುಚಿ ನೋಡಲಿಲ್ಲ.

ಅವತ್ತು ರಾತ್ರಿ ಮೂವರೂ ನಿದ್ದೆ ಮಾಡಿದೆವು. ಎದ್ದು ಗಡಿಯಾರ ನೋಡಿದರೆ ಏಳು ದಾಟಿತ್ತು. ಆರು ನಲವತ್ತು ನಮ್ಮನ್ನು ಎಬ್ಬಿಸದೆ ಹೋಗಿತ್ತು.