ತಾರೀಖು ಸಿಗದ ಗೋಲು

ಮನುಷ್ಯರನ್ನು ನಂಬಬಹುದು, ತಾರೀಖುಗಳನ್ನು ನಂಬಬಾರದು ಎಂಬುದು ಮೂವತ್ತು ವರ್ಷ ಶಾಸನಗಳ ನಡುವೆ ಬದುಕಿದ ನನ್ನ ಅನುಭವ. ಮನುಷ್ಯ ಸುಳ್ಳು ಹೇಳುವಾಗ ಅವನ ಕಣ್ಣಿನಲ್ಲೋ ಕೊರಳಿನಲ್ಲೋ ಏನಾದರೊಂದು ವ್ಯತ್ಯಾಸ ಕಾಣುತ್ತದೆ. ತಾರೀಖು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಸುಳ್ಳು ಹೇಳುತ್ತದೆ. ಶಕವರ್ಷ, ಸಂವತ್ಸರ, ತಿಥಿ, ವಾರ ಈ ನಾಲ್ಕನ್ನೂ ಕಲ್ಲಿನ ಮೇಲೆ ಕೊರೆದ ಪುಣ್ಯಾತ್ಮ ಸೋಮವಾರ ಎಂದಿದ್ದರೆ, ಲೆಕ್ಕ ಹಾಕಿ ನೋಡಿದಾಗ ಅದು ಬುಧವಾರವೇ ಆಗಿರುತ್ತಿತ್ತು. ನಿವೃತ್ತನಾಗಿ ಚಿಕ್ಕೋಡಿಯ ಮನೆಗೆ ಬಂದ ಮೇಲೆ ಓದಲು ಕಲ್ಲುಗಳಿಲ್ಲದ್ದರಿಂದ ಈ ಅಭ್ಯಾಸವನ್ನು ಮದುವೆಯ ಕಾರ್ಡುಗಳ ಮೇಲೆ ಪ್ರಯೋಗಿಸತೊಡಗಿದೆ. ಅಥಣಿಯ ಬಂಧುವೊಬ್ಬರ ಮಗಳ ಮದುವೆಯ ಕಾರ್ಡಿನಲ್ಲಿ ತಾರೀಖಿಗೂ ವಾರಕ್ಕೂ ಹೊಂದಿಕೆಯಾಗದಿರುವುದನ್ನು ಕಂಡು, ಸಮಾಜಸೇವೆಯೆಂದು ಭಾವಿಸಿ ಫೋನು ಮಾಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, "ಸರ್ರ, ನೀವು ಎರಡರಾಗ ಯಾವ ದಿನಾ ಬಂದ್ರೂ ಊಟಾ ಐತ್ರಿ" ಎಂದರು. ನನ್ನ ಹೆಂಡತಿ ಸುಶೀಲೆ ಇದನ್ನು ಬೀದಿಯವರಿಗೆಲ್ಲ ಹೇಳಿ, ಕೊನೆಗೆ ತನ್ನದೊಂದು ಟಿಪ್ಪಣಿಯನ್ನೂ ಸೇರಿಸುತ್ತಾಳೆ: "ನಮ್ಮ ಲಗ್ನದ ತಾರೀಖನ್ನೂ ಮೂರ ಕಡೆ ನೋಡಿ ಖಾತ್ರಿ ಮಾಡಿಕೊಂಡಾರ. ನೆನಪ ಇಟಗೊಳ್ಳೂದನ್ನ ಮಾತ್ರ ನನಗ ಬಿಟ್ಟಾರ."

ಇಂಥ ನನ್ನ ಬಳಿಗೆ ಫುಟ್‌ಬಾಲು ಬಂದದ್ದು ಭೀಮರಾವ್ ಕಾಂಬಳೆಯವರ ಮೂಲಕ. ಇವರು ಬೋರಗಾಂವದವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ, ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿದ್ದಾರೆ. ಹರೆಯದಲ್ಲಿ ನಿಪ್ಪಾಣಿಯ ತಂಡವೊಂದರ ಪರವಾಗಿ ಬ್ಯಾಕ್ ಸ್ಥಾನದಲ್ಲಿ, ಅಂದರೆ ಎದುರಾಳಿ ಗೋಲಿಗೆ ನುಗ್ಗದಂತೆ ತಡೆಯುವವರಾಗಿ, ಆಡಿದವರು. ನಿಪ್ಪಾಣಿಗೆ ಕೊಲ್ಲಾಪುರದ ಗಾಳಿ ಬೀಸುತ್ತದೆ, ಕೊಲ್ಲಾಪುರದ ಗಾಳಿಯಲ್ಲಿ ಚೆಂಡು ಇರುತ್ತದೆ. ಈಗ ಅವರು ದಿನಾ ಮುಂಜಾನೆ ಕಾಲೇಜು ಮೈದಾನದಲ್ಲಿ ಹದಿನಾಲ್ಕು ಹುಡುಗಿಯರಿಗೆ ಆಟ ಕಲಿಸುತ್ತಾರೆ. ಒಂದು ದಿನ ನಮ್ಮ ಪಡಸಾಲೆಗೆ ಬಂದು, ಸುಶೀಲೆ ಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದು, "ಸರ್ರ, ರಾಯಬಾಗದಾಗ ಟೂರ್ನಾಮೆಂಟ್ ಐತ್ರಿ. ಸ್ಮರಣ ಸಂಚಿಕೆ ತರಾಕತ್ತಾರ. ಅದಕ್ಕ ನಮ್ಮ ಸ್ವೀಡನ್‌ದವನ ಮ್ಯಾಲ ಒಂದ ಪಾನ ಬರದ ಕೊಡ್ರಿ" ಎಂದರು. ಪಾನ ಎಂದರೆ ಈ ಭಾಗದಲ್ಲಿ ಪುಟ.

ನಮ್ಮ ಸ್ವೀಡನ್ನಿನವನು ಯಾರೆಂದು ವಿಚಾರಿಸಿದೆ. ಆ ದೇಶದ ರಾಷ್ಟ್ರೀಯ ತಂಡದಲ್ಲಿ ಬ್ಯಾಕ್ ಆಗಿ ಆಡಿ, ಮುಂದೆ ಕೋಚ್ ಆದ ಆಟಗಾರನಂತೆ. ಭೀಮರಾವ್ ಹರೆಯದಲ್ಲಿ ಒಂದು ಮರಾಠಿ ವಾರಪತ್ರಿಕೆಯಲ್ಲಿ ಅವನ ಚಿತ್ರ ನೋಡಿ, ಕತ್ತರಿಸಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದರಂತೆ. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಅವನಿಗೆ ಆಗಿರುವ ಉಪಕಾರ ಈಗಾಗಲೇ ಸಾಕಷ್ಟಿದೆ.

"ಇಂಟರ್‌ನೆಟ್ಟಿನಾಗಿಂದ ಯಾರ ಬೇಕಾದವ್ರು ತಗದ ಹಾಕತಾರ್ರಿ. ನೀವು ಬರದ್ರ ಯಾರೂ ತುಟಿ ಬಿಚ್ಚೂದಿಲ್ಲ. ಆ ಸೇಮ್ ಸೈಡ್ ಗೋಲಿನ ಸಂಗತಿ ಮಾತ್ರ ಬಿಡಬ್ಯಾಡ್ರಿ. ಅದು ನಮ್ಮ ಆಫ್ರೀನಳ ಸಲುವಾಗಿ ಬೇಕ್ರಿ" ಎಂದರು ಭೀಮರಾವ್.

ತನ್ನ ತಂಡದ ಬಲೆಗೆ ತಾನೇ ಚೆಂಡು ಹೊಡೆಯುವುದಕ್ಕೆ ಸೇಮ್ ಸೈಡ್ ಗೋಲು ಎನ್ನುತ್ತಾರೆಂದು ಅಂದೇ ತಿಳಿದೆ. ಆಫ್ರೀನ್ ಕರೋಶಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ, ತಂಡದ ಬ್ಯಾಕ್. ಹೋದ ಚಳಿಗಾಲದಲ್ಲಿ ಅಥಣಿಯವರೊಡನೆ ಆಡುವಾಗ ಚೆಂಡು ಅವಳ ಕಾಲಿಗೆ ತಾಗಿ ತಮ್ಮದೇ ಬಲೆಗೆ ಹೋಗಿ ತಂಡ ಸೋತಿತು. ಮರುದಿನದಿಂದ ಅವಳು ಬರಲಿಲ್ಲ. ಭೀಮರಾವ್ ಕರೋಶಿಗೆ ಹೋಗಿ ಅವಳಿಗೆ ಒಂದು ಕಥೆ ಹೇಳಿದರು. ಸ್ವೀಡನ್ನಿನ ಆ ಮಹಾನ್ ಆಟಗಾರ ಒಂದು ಫೈನಲ್‌ನಲ್ಲಿ, ಕಡೆಯ ನಿಮಿಷದಲ್ಲಿ, ತನ್ನ ಗೋಲಿಗೇ ಚೆಂಡು ಹೊಡೆದ. ಊರೇ ನಕ್ಕಿತು. ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದವನು ಅವನೇ. ಮುಂದೆ ಅವನೇ ಕೋಚ್ ಆದ. ಆಫ್ರೀನ್ ಮರಳಿ ಬಂದಳು. ಆದರೆ ಈಗ ರಾಯಬಾಗ ಹತ್ತಿರವಾದಂತೆ ಮತ್ತೆ ಹೆದರಿದ್ದಾಳೆ. ಆ ಕಥೆ ಎಲ್ಲಿ ಅಚ್ಚಾಗಿದೆ, ತೋರಿಸಿರಿ ಎಂದು ಕೇಳುತ್ತಿದ್ದಾಳೆ. ಆಧಾರ ಕೇಳುವ ಹುಡುಗಿ ಎಂದಾಗ ನನ್ನ ಮನಸ್ಸು ಕರಗಿತು. ಹದಿನೈದು ದಿನಗಳ ಗಡುವಿಗೆ ಒಪ್ಪಿದೆ.

ಮಾಹಿತಿ ಬರೆದಿಟ್ಟ ಚೀಟಿಗಳು ಊಟದ ಮೇಜನ್ನು ಆಕ್ರಮಿಸಿದವು. ಮೊದಲನೆಯ ಚೀಟಿಯಲ್ಲಿಯೇ ತೊಡಕು. ಆತ ಹುಟ್ಟಿದ್ದು ಉತ್ತರದ ಒಂದು ಸಣ್ಣ ಊರಿನಲ್ಲಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಂದೆ ಕೆಲಸ ಮಾಡುತ್ತಿದ್ದದ್ದು ಮರ ಕೊಯ್ಯುವ ಕಾರ್ಖಾನೆಯಲ್ಲಿ ಎಂದು ಒಂದು ಆಧಾರ, ಕಾಗದದ ಕಾರ್ಖಾನೆಯಲ್ಲಿ ಎಂದು ಇನ್ನೊಂದು. ಊರಿನ ತಂಡದಿಂದ ರಾಜಧಾನಿಯ ತಂಡಕ್ಕೆ ಹೋದದ್ದು ವಸಂತದಲ್ಲೋ ಶರತ್ಕಾಲದಲ್ಲೋ ಸ್ಪಷ್ಟವಿಲ್ಲ. ದೇಶದ ಪರ ಮೊದಲ ಪಂದ್ಯದಲ್ಲಿ ಇನ್ನೊಬ್ಬನ ಬದಲಿಯಾಗಿ ಆಟ ಮುಗಿಯುವ ಹೊತ್ತಿಗೆ ಒಳಗೆ ಬಂದನಾದ್ದರಿಂದ ಒಬ್ಬ ಲೇಖಕ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾನೆ, ಮತ್ತೊಬ್ಬ ಹಿಡಿಯುವುದಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆ ಎರಡು ಸಲ. ಎಡಗಾಲೋ ಬಲಗಾಲೋ ಎಂಬುದಕ್ಕೆ ನಾನು ಛಾಯಾಚಿತ್ರಗಳಲ್ಲಿ ಪಟ್ಟಿಯನ್ನು ಹುಡುಕಬೇಕಾಯಿತು. ಇಷ್ಟೆಲ್ಲ ನೋಡುತ್ತ ನೋಡುತ್ತ ನನಗೆ ಆ ಮನುಷ್ಯನ ಮೇಲೆ ಒಂದು ಬಗೆಯ ಗೌರವ ಹುಟ್ಟಿತು. ನಮ್ಮ ಹಳೆಯ ವೀರಗಲ್ಲುಗಳನ್ನು ನೋಡಿ: ಊರಿನ ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಬಿದ್ದವನಿಗೆ ಊರು ಕಲ್ಲು ನೆಟ್ಟಿದೆ. ಫುಟ್‌ಬಾಲಿನಲ್ಲಿ ಇದು ತಿರುಗುಮುರುಗು. ಕಲ್ಲೆಲ್ಲ ನುಗ್ಗಿದವನಿಗೆ, ತಡೆದವನಿಗೆ ಮೊಣಕಾಲಿನ ಪಟ್ಟಿ.

ನಾಲ್ಕು ದಿನಗಳನ್ನು ನುಂಗಿದ ಪ್ರಶ್ನೆ ಬೇರೆಯೇ ಇತ್ತು: ಆತ ಕೋಚ್ ಆದದ್ದು ಯಾವ ದಿನ? ಕಡೆಯ ಒಂದು ಹಂಗಾಮಿನಲ್ಲಿ ಆತ ಆಟಗಾರನೂ ಆಗಿದ್ದ, ಸಹಾಯಕ ಕೋಚೂ ಆಗಿದ್ದ. ತನ್ನನ್ನು ಆಡಿಸಬೇಕೆ ಬೇಡವೆ ಎಂಬ ಚರ್ಚೆಯಲ್ಲಿ ತಾನೇ ಕುಳಿತಿರುತ್ತಿದ್ದ. ಹಾಗಾದರೆ ಆಟಗಾರ ಮುಗಿದು ಕೋಚ್ ಆರಂಭವಾದ ಗಡಿ ಎಲ್ಲಿ? ಈ ತೊಡಕು ನನಗೆ ವೈಯಕ್ತಿಕವಾಗಿಯೂ ಹತ್ತಿರದ್ದು. ನನಗೆ ತಿಂಗಳ ಕಡೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಭಾಷಣ ಮಾಡಿ ಬೀಳ್ಕೊಟ್ಟರು. ಮರುದಿನ ಮುಂಜಾನೆ ಹತ್ತಕ್ಕೆ ನಾನು ಅದೇ ಕುರ್ಚಿಯಲ್ಲಿ ಕುಳಿತಿದ್ದೆ. ಅರ್ಧಕ್ಕೆ ನಿಂತ ಶಾಸನಸೂಚಿಯೊಂದಿತ್ತು. ಹೊಸ ಅಧಿಕಾರಿ ಬಂದು, ಬಹಳ ವಿನಯದಿಂದ, ಕುರ್ಚಿಯ ಪಕ್ಕದಲ್ಲಿ ನಿಂತುಕೊಳ್ಳುವವರೆಗೆ ನಾಲ್ಕು ತಿಂಗಳು ಹೋದೆ. ನಾನು ನಿವೃತ್ತನಾದ ತಾರೀಖು ಯಾವುದೆಂದು ಇಂದಿಗೂ ಖಚಿತವಾಗಿ ಹೇಳಲಾರೆ. ಸ್ವೀಡನ್ನಿನವನು ಮುಂದೆ ಎರಡು ದೊಡ್ಡ ತಂಡಗಳಿಗೆ ಕೋಚ್ ಆಗಿ, ಎರಡರಿಂದಲೂ ತೆಗೆಯಲ್ಪಟ್ಟು, ಕಡೆಗೆ ಹುಟ್ಟೂರಿಗೇ ಹೋಗಿ ಅಲ್ಲಿಯ ಹುಡುಗಿಯರ ತಂಡಕ್ಕೆ ಆಟ ಕಲಿಸುತ್ತಿದ್ದಾನೆ ಎಂದು ತಿಳಿದಾಗ ಭೀಮರಾವ್ ಅವರಿಗೆ ಹೇಳಿ ಕಳಿಸಿದೆ. ಅವರು ಚೀಟಿಯನ್ನು ಎರಡು ಸಲ ಓದಿಸಿಕೊಂಡು ಕನ್ನಡಕ ಒರೆಸಿಕೊಂಡರು.

ಎಲ್ಲ ಸಿಕ್ಕಿತು, ಸೇಮ್ ಸೈಡ್ ಗೋಲಿನ ತಾರೀಖೊಂದು ಸಿಗಲಿಲ್ಲ. ಆತನ ಹುಟ್ಟೂರಿನ ತಂಡಕ್ಕೆ ದಾಖಲೆಗಳ ಪುಟವೊಂದು ಅಂತರ್ಜಾಲದಲ್ಲಿತ್ತು. ಅದನ್ನು ನೋಡಿಕೊಳ್ಳುವವರು ನಿವೃತ್ತ ಗ್ರಂಥಪಾಲಕಿ. ಅವರಿಗೆ ನನ್ನ ಪದವಿಗಳನ್ನೆಲ್ಲ ಕೆಳಗೆ ನಮೂದಿಸಿ ಇಂಗ್ಲಿಷಿನಲ್ಲಿ ಇ-ಪತ್ರ ಬರೆದೆ: ಈ ಆಟಗಾರ ಫೈನಲ್ ಒಂದರ ಕಡೆಯ ನಿಮಿಷದಲ್ಲಿ ತನ್ನ ಗೋಲಿಗೇ ಚೆಂಡು ಹೊಡೆದ ಸಂಗತಿ ನಮ್ಮ ಭಾಗದಲ್ಲಿ ಸುಪ್ರಸಿದ್ಧವಾಗಿದೆ, ದಯವಿಟ್ಟು ಆ ಪಂದ್ಯದ ತಾರೀಖನ್ನು ತಿಳಿಸಬೇಕು. ಓದುಗರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ನಾನು ಅದನ್ನು ಆಮೇಲೆ ಅನೇಕ ಸಲ ಓದಿದ್ದೇನೆ. ನಾನು ಸಂದೇಹಿಸಿದ್ದು ತಾರೀಖನ್ನು. ಘಟನೆಯನ್ನಲ್ಲ.

ಪತ್ರ ಹೋದ ಒಂಬತ್ತನೆಯ ದಿನ ಉತ್ತರ ಬಂತು. ಆಕೆ ಪಂದ್ಯದ ವರದಿಗಳನ್ನೆಲ್ಲ ಒಂದೂ ಬಿಡದೆ ನೋಡಿದ್ದರು. ಅಂಥ ಗೋಲು ಎಲ್ಲಿಯೂ ಸಿಗಲಿಲ್ಲ. ಆದರೆ ಇಷ್ಟು ದೂರದ ಹಿರಿಯ ಸಂಶೋಧಕರೊಬ್ಬರು ಇಷ್ಟು ಖಚಿತವಾಗಿ ಬರೆದಿರುವಾಗ ತಮ್ಮ ವರದಿಗಳೇ ಅಪೂರ್ಣವಾಗಿರಬೇಕೆಂದು ಭಾವಿಸಿ, ಸಂಗತಿಯನ್ನು ಪುಟದಲ್ಲಿ ಸೇರಿಸಿ, ನನ್ನನ್ನೇ ಆಧಾರವೆಂದು ಅಡಿಟಿಪ್ಪಣಿಯಲ್ಲಿ ಹೆಸರಿಸಿದ್ದರು. "ತಾರೀಖು ಅನಿಶ್ಚಿತ" ಎಂದೂ ಬರೆದಿದ್ದರು. ನಾನು ನನ್ನ ಮುಂದಿರುವ ಪರದೆಯ ಮೇಲೆ, ಸ್ವೀಡಿಷ್ ಭಾಷೆಯ ನಡುವೆ, ನನ್ನ ಹೆಸರನ್ನೂ ಚಿಕ್ಕೋಡಿಯನ್ನೂ ನೋಡುತ್ತ ಕುಳಿತೆ.

ಸಂಜೆ ಭೀಮರಾವ್ ಅವರನ್ನು ಕರೆಸಿದೆ. "ಈ ಕಥೆಗೆ ಮೂಲ ಯಾವುದು?" ಎಂದು ಕೇಳಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಸರ್ರ, ಆ ಮ್ಯಾಚ್ ಸ್ವೀಡನ್‌ದಾಗ ಆಗಿದ್ದಿಲ್ರಿ. ಕೊಲ್ಲಾಪುರದಾಗ ಆಗಿತ್ರಿ. ಹೊಡದಾವ ನಾನ."

"ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಹೋದದ್ದು?"

"ಅದು ಆಗ್ಲೇ ಇಲ್ರಿ. ಎರಡ ವರ್ಷ ನಾ ಚೆಂಡ ಮುಟ್ಟಲಿಲ್ಲ. ಟೀಮಿನ ಮಂದಿ ಮನೀಗೆ ಬಂದ್ರ ಹಿತ್ತಲದಾಗ ಹೋಗಿ ಕುಂಡ್ರತಿದ್ನಿ. ನಾ ಮಾಡಬೇಕಾಗಿದ್ದನ್ನ ಅವಗ ಕೊಟ್ಟೀನ್ರಿ. ಅಂವ ಆಗಿದ್ರ ಹೋಗೇ ಹೋಗತಿದ್ದ ಅನಿಸ್ತು. ಅವನ ಫೋಟೋ ನೋಡೀರಲ್ಲ, ನಿಮಗೂ ಹಂಗ ಅನಸಲಿಲ್ಲೇನ್ರಿ?"

ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನಿಸಿತ್ತು. ಆದರೆ ಅನಿಸಿಕೆಗೆ ಅಡಿಟಿಪ್ಪಣಿ ಹಾಕಲು ಬರುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಸುಶೀಲೆ ಬಂದು ಬಾಗಿಲಲ್ಲಿ ನಿಂತಳು. ಅವಳ ತವರು ನಿಪ್ಪಾಣಿ.

"ನನಗ ಗೊತ್ತಿತ್ತು. ಆ ಮ್ಯಾಚ್ ನೋಡಾಕ ನಮ್ಮಣ್ಣ ಹೋಗಿದ್ದ. ಮೂರ ದಿನ ನಮ್ಮ ಮನ್ಯಾಗ ಅದ ಮಾತ. ಭೀಮರಾವ್ ಅಣ್ಣಾ, ನಮ್ಮಣ್ಣ ನಿಮಗ ಭಾಳ ಬೈದಿದ್ದ ನೋಡ್ರಿ."

"ಬೈದಿರತಾರ್ರಿ ವೈನಿ. ಯಾರ ಬಿಟ್ಟಾರ?"

ಹದಿನೈದು ದಿನ ಮೇಜಿನ ತುಂಬ ಚೀಟಿ ಹರಡಿಕೊಂಡು ಒದ್ದಾಡುವಾಗ ಒಂದು ಮಾತು ಹೇಳಬಾರದಾಗಿತ್ತೆ ಎಂದು ನಾನು ನೊಂದು ಕೇಳಿದೆ. "ನೀವು ನನ್ನ ಕೇಳಿದ್ದು ಒಂದ ಸಲ. ಕೇಳಿದ್ದು ತಾರೀಖ. ತಾರೀಖ ನನಗೇನ ಗೊತ್ತರೀ?" ಎಂದಳು.

ಮುಂದೇನು ಮಾಡುವುದು ಎಂಬುದು ಉಳಿಯಿತು. ಕಥೆಯನ್ನು ಅಚ್ಚು ಹಾಕಿದರೆ ನನ್ನ ಮೂವತ್ತು ವರ್ಷಗಳಿಗೆ ದ್ರೋಹ. ಬಿಟ್ಟರೆ ಆಫ್ರೀನ್ ಸಂಚಿಕೆಯ ಪುಟದಲ್ಲಿ ಹುಡುಕಿ, ಕಾಣದೆ, ಕರೋಶಿಯ ಬಸ್ಸು ಹತ್ತಿಬಿಡುತ್ತಾಳೆ. ಅಚ್ಚಿನವರು ನಾಳೆಯೇ ಬರವಣಿಗೆ ಬೇಕೆಂದಿದ್ದರು. ಭೀಮರಾವ್ ಎದ್ದು ನಿಂತು, "ಪಾನಿನಾಗ ಖರೇ ಇದ್ದದ್ದಷ್ಟ ಬರೀರಿ. ಉಳದದ್ದನ್ನ ನಾ ಹೇಳತೀನಿ. ನೀವೂ ಮುಂಜಾನೆ ಬರ್ರಿ, ಒಬ್ಬವಗ ಧೈರ್ಯ ಸಾಲೂದಿಲ್ಲ" ಎಂದರು.

ಮರುದಿನ ಮುಂಜಾನೆ, ಎಲ್ಲರಿಗಿಂತ ಮೊದಲು, ಮೈದಾನದಲ್ಲಿ ನಾವಿಬ್ಬರು ಮುದುಕರು ನಿಂತಿದ್ದೆವು. ಹುಡುಗಿಯರು ಬಂದು ಸುತ್ತ ಕುಳಿತ ಮೇಲೆ ಭೀಮರಾವ್ ಹೇಳಿದರು. ಕೊಲ್ಲಾಪುರ, ಕಡೆಯ ನಿಮಿಷ, ಎರಡು ವರ್ಷ, ಹಿತ್ತಿಲು, ಒಂದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಆಫ್ರೀನ್ ಹುಲ್ಲು ಕೀಳುತ್ತ ಕುಳಿತಿದ್ದಳು. ನಾನು ಬಸ್ಸಿನ ವೇಳೆಯನ್ನು ನೆನೆದೆ. ಅವಳು ತಲೆ ಎತ್ತಿದಳು.

"ಸರ್, ನೀವು ಎರಡ ವರ್ಷ ಬರಲಿಲ್ಲೇನ್ರಿ?"

"ಇಲ್ಲವಾ."

"ನಾ ಹನ್ನೊಂದ ದಿನಕ್ಕ ಬಂದೀನ್ರಿ!"

ಆಮೇಲೆ ನಕ್ಕರು, ಹದಿನಾಲ್ಕು ಜನರೂ, ಭೀಮರಾವ್ ಎಲ್ಲರಿಗಿಂತ ಜೋರಾಗಿ. "ಏಳ್ರಿ, ಏಳ್ರಿ, ದೊಡ್ಡ ಮನಷ್ಯಾಳ ಆಗ್ಯಾಳ" ಎಂದು ಚೆಂಡನ್ನು ಅವಳ ಕಡೆಗೆ ಒದ್ದರು. ಹನ್ನೊಂದು ದಿನ ಎಂಬುದನ್ನು ನಾನು ಹಾಜರಿ ಪುಸ್ತಕದಲ್ಲಿ ನೋಡಿದೆ. ಸರಿಯಾಗಿತ್ತು.

ರಾಯಬಾಗದಲ್ಲಿ ನಮ್ಮವರು ಎರಡನೆಯ ಸುತ್ತಿನಲ್ಲಿ ಒಂದು ಗೋಲಿನಿಂದ ಸೋತರು. ಆಟ ಮುಗಿದೊಡನೆ ಆಫ್ರೀನ್ ನೇರ ನನ್ನ ಬಳಿಗೆ ಬಂದು, "ಸರ್, ಬರಕೋರಿ. ಆ ಗೋಲ ಹೊಡದವ್ರು ಅವರ್ರಿ, ನಾ ಅಲ್ಲ" ಎಂದಳು. ಬರೆದುಕೊಂಡೆ.

ಇನ್ನು ಸ್ವೀಡನ್ ಬಾಕಿ ಇತ್ತು. ಗ್ರಂಥಪಾಲಕಿಗೆ ಕ್ಷಮಾಪಣೆಯ ಇ-ಪತ್ರ ಬರೆದೆ: ಆ ಗೋಲನ್ನು ತಮ್ಮ ಆಟಗಾರ ಹೊಡೆದದ್ದಲ್ಲ, ನಮ್ಮ ನೆರೆಯವರು ಕೊಲ್ಲಾಪುರದಲ್ಲಿ ಹೊಡೆದದ್ದು. ಎರಡೇ ದಿನಕ್ಕೆ ಆಕೆಯ ಉತ್ತರ ಬಂತು: ಸಂಗತಿಯನ್ನು ತೆಗೆದುಹಾಕಿದ್ದೇನೆ, ಆದರೆ ಕುತೂಹಲಕ್ಕಾಗಿ ಕೇಳುತ್ತೇನೆ, ಕೊಲ್ಲಾಪುರದ ಆ ಪಂದ್ಯದ ತಾರೀಖು ಯಾವುದು? ನಾನು ಭೀಮರಾವ್ ಅವರನ್ನು ಕೇಳಿದೆ. ಮರೆಯಲು ಇಷ್ಟು ವರ್ಷ ಹಿಡಿದದ್ದನ್ನು ಮತ್ತೆ ನೆನೆಯಲಾರೆ ಎಂದರು. ಸುಶೀಲೆಗೆ ಅಣ್ಣ ಸ್ವೆಟರ್ ಹಾಕಿಕೊಂಡು ಹೋಗಿದ್ದಷ್ಟೇ ನೆನಪು.

ಆಕೆ ನಿಷ್ಠುರ ಸಂಶೋಧಕಿ. ಪುಟದ ಕೆಳಗೆ ತಿದ್ದುಪಡಿಯ ಟಿಪ್ಪಣಿಯನ್ನೂ ಹಾಕಿದ್ದಾರೆ. ಚಿಕ್ಕೋಡಿಯ ಹಿರಿಯ ಸಂಶೋಧಕರೊಬ್ಬರು ತಪ್ಪು ಮಾಹಿತಿ ಒದಗಿಸಿದ್ದರೆಂದು ಅಲ್ಲಿ ನನ್ನ ಹೆಸರಿನೊಡನೆ ಬರೆದು, ಒದಗಿಸಿದ ತಾರೀಖನ್ನು ಕಾಣಿಸಿದ್ದಾರೆ. ಆ ಆಟಗಾರ ಕೋಚ್ ಆದ ದಿನ, ಭೀಮರಾವ್ ಗೋಲು ಹೊಡೆದ ದಿನ, ನಾನು ನಿವೃತ್ತನಾದ ದಿನ, ಇವೆಲ್ಲ ಇಂದಿಗೂ ಅನಿಶ್ಚಿತವಾಗಿಯೇ ಉಳಿದಿವೆ. ನಾನು ತಪ್ಪು ಮಾಹಿತಿ ಕೊಟ್ಟ ಆ ಒಂದು ತಾರೀಖನ್ನು ಮಾತ್ರ ನನ್ನ ಇ-ಪತ್ರದೊಡನೆಯೂ, ಚೀಟಿಯೊಡನೆಯೂ, ಪಂಚಾಂಗದೊಡನೆಯೂ ಹೋಲಿಸಿ ನೋಡಿದೆ. ವಾರವೂ ಹೊಂದುತ್ತದೆ. ಎಲ್ಲಿಯೂ ಒಂದು ತಪ್ಪಿಲ್ಲ.