ಮೂರು ನಿಮಿಷದ ಗಾಳಿ

ಬೂಸಾನಿನ ಆ ಮೀನುವಡೆ ಕಾರ್ಖಾನೆಯಲ್ಲಿ, ಕರಿಯುವ ಕೋಣೆಯ ಫ್ಯಾನು ನಿಂತು ಹನ್ನೆರಡು ದಿನವಾಗಿತ್ತು. ಹೆಂಗಸರು ಗಾಳಿ ಕೇಳಿದರು. ಮಾಲೀಕರು ಪುಸ್ತಕ ಕಳಿಸಿದರು. ಮಾತುಗಾರಿಕೆ, ನಾಯಕತ್ವ ಬೆಳೆಸಿಕೊಳ್ಳಲು ಓದಲೇಬೇಕಾದ ಐದು ಪುಸ್ತಕಗಳು, ತಲೆಗೊಂದು ಕಟ್ಟು. ಸೋಮವಾರ ಊಟವಾದ ಮೇಲೆ ಒಬ್ಬರು ಎದ್ದು ಓದಿದ್ದರ ಬಗ್ಗೆ ಮೂರು ನಿಮಿಷ ಮಾತಾಡಬೇಕು, ಮಾಲೀಕರು ಅಂಕ ಹಾಕುತ್ತಾರೆ.

ಈ ಸೋಮವಾರ ಚೀಟಿಯಲ್ಲಿ ಬಂದದ್ದು ಗುಮ್‌ಜಾಳ ಹೆಸರು. ಬಾಯಿ ತೆರೆದರೆ ಹೊಗೆ ಒಳಹೋಗುತ್ತದೆಂದು ಮೂವತ್ತು ವರ್ಷ ಬಾಣಲೆಯ ಮುಂದೆ ಬಾಯಿ ಮುಚ್ಚಿಕೊಂಡೇ ನಿಂತ ಹೆಂಗಸು. ಆದರೆ ಮೊನ್ನೆ ಪಕ್ಕದ ಬಾಣಲೆಯ ಸುನಿಮ್ ಬವಳಿ ಬಂದು ಬಿದ್ದಿದ್ದಳು. ಇನ್ನರ್ಧ ಗೇಣು ಆಚೆ ಬಿದ್ದಿದ್ದರೆ ವಡೆಯ ಜೊತೆ ಅವಳೂ ಬೇಯುತ್ತಿದ್ದಳು. ಇವತ್ತು ಫ್ಯಾನಿನ ವಿಷಯ ಹೇಳಿಯೇ ತೀರುವೆನೆಂದು ಗುಮ್‌ಜಾ ಹಲ್ಲು ಕಚ್ಚಿದ್ದಳು.

ಹೇಳಲು ಬಿಡಬೇಕಲ್ಲ!

"ಅಕ್ಕಾ, ಮೊದ್ಲು ಒಂದು ಜೋಕ್ ಹೊಡೀಬೇಕಂತೆ. ಎರಡನೇ ಪುಸ್ತಕದಲ್ಲಿದೆ," ಎಂದಳು ಸುನಿಮ್, ಅದೇ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ.

"ನೀನು ಸಾಯೋಕೆ ಬಿದ್ದೆಯಲ್ಲೇ, ಅದನ್ನೇ ಹೇಳ್ಲಾ?"

"ಜೋಕ್ ಬೇಡ, ಕೈ ಎತ್ತು. ಎದೆಗಿಂತ ಮೇಲೆ, ತಲೆಗಿಂತ ಕೆಳಗೆ. ಹಿಂಗೆ!" ಹಿರಿಯ ಕೆಲಸದಾಕೆ ಮೇಂಗ್ ಅಜ್ಜಿ ಸೌಟು ಎತ್ತಿ ತೋರಿಸಿದಳು. ಕಾದ ಎಣ್ಣೆ ಗುಮ್‌ಜಾಳ ಮೊಣಕೈಗೆ ಸಿಡಿಯಿತು.

ಮ್ಯಾನೇಜರ್ ಕ್ವಾಕ್ ಓಡಿಬಂದ. "ದೂರುಗೀರು ಬೇಡಮ್ಮ. ನಾಯಕ ಅಂದ್ರೆ ಮಂಜುಗಡ್ಡೆ ಥರ ತಣ್ಣಗಿರ್ಬೇಕು."

"ನಿಮ್ ಕೋಣೇಲಿ ಏಸಿ ಇದೆ ಸ್ವಾಮಿ, ಇರ್ತೀರಿ," ಎಂದಳು ಗುಮ್‌ಜಾ.

ಸಭೆಯಲ್ಲಿ ಎದ್ದು ನಿಂತಾಗ ಜೋಕು ಮರೆತಿತ್ತು. ಎತ್ತಿದ ಕೈ, ಸುಟ್ಟ ಉರಿಗೆ, ಗಾಳಕ್ಕೆ ಸಿಕ್ಕ ಮೀನಿನಂತೆ ಒದ್ದಾಡಿತು. ಯಾರೋ ಕಿಸಕ್ಕೆಂದರು. ಮಾಲೀಕರು ಗಡಿಯಾರ ನೋಡಿಕೊಂಡರು. ಅಷ್ಟೇ, ಕಾದೆಣ್ಣೆಗೆ ನೀರು ಬಿದ್ದಂತಾಯಿತು.

"ಐದೂ ಪುಸ್ತಕ ಹುಡುಕ್ದೆ ಮಾಲೀಕ್ರೇ! ಬೆವರು ಅನ್ನೋ ಮಾತೇ ಇಲ್ಲ! ಎದುರಿಗಿರೋರ ಕಣ್ಣು ನೋಡಿ ಮಾತಾಡು ಅಂತಿದೆ. ನೀವೂ ನೋಡಿ, ಹೊಗೆಗೆ ಕೆಂಪಾದ ಇಪ್ಪತ್ತು ಜೊತೆ ಕಣ್ಣು! ನಾಯಕ ಅಂದ್ರೆ ಮುಂದೆ ನಿಲ್ಲೋನು ಅಂತಿದೆ. ಬನ್ನಿ, ಬಾಣಲೆ ಮುಂದೆ ಒಂದೇ ಒಂದು ಗಂಟೆ ನಿಲ್ಲಿ! ಇವಳು ಬಿದ್ದಾಗ ವಡೆ ಸೀದುಹೋಯ್ತು ಅಂತ ಬೈದ್ರಿ. ಇವಳೇ ಸುಟ್ಟುಹೋಗಿದ್ರೆ ಯಾವ ಪುಸ್ತಕ ಓದಿಸ್ತಿದ್ರಿ?"

ಮಾಲೀಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎದ್ದರು. ಚಪ್ಪಾಳೆ ತಟ್ಟಿದರು.

"ನೂರಕ್ಕೆ ನೂರು! ಆ ದನಿ, ಆ ಕಣ್ಣು! ಎಲ್ಲಾ ಪುಸ್ತಕದ ಮಹಿಮೆ. ಬರೋ ತಿಂಗಳು ಸಿಯೋಲ್‌ನಲ್ಲಿ ಕಂಪನಿಗಳ ಭಾಷಣ ಸ್ಪರ್ಧೆ ಇದೆ. ನಮ್ಮ ಕಡೆಯಿಂದ ನೀವೇ ಹೋಗ್ಬೇಕು, ಇದೇ ಮಾತಾಡ್ಬೇಕು."

"ಮತ್ತೆ ಫ್ಯಾನು?"

ಆಗ ಬಾಗಿಲಲ್ಲಿ ಒಬ್ಬ, ಹೆಗಲ ಮೇಲೆ ಹೊಚ್ಚಹೊಸ ಮೋಟರು ಹೊತ್ತು ಪ್ರತ್ಯಕ್ಷನಾದ. "ಕರಿಯೋ ಕೋಣೆ ಯಾವ್ ಕಡೆ? ಹೋದ ವಾರ ಫ್ಯಾನಿಗೆ ಹೇಳಿಕಳಿಸಿದ್ರಲ್ಲ."

ಮಾಲೀಕರ ಕೈ ಗಾಬರಿಯಲ್ಲಿ ಮೇಲೆದ್ದಿತು; ಎದೆಗಿಂತ ಮೇಲೆ, ತಲೆಗಿಂತ ಕೆಳಗೆ. "ಈಗ ಬೇಡಪ್ಪಾ! ಸ್ಪರ್ಧೆ ಮುಗೀಲಿ. ಈಗ್ಲೇ ಗಾಳಿ ಬಂದ್ರೆ ಈಯಮ್ಮನ ಮಾತಿನ ಕಾವೇ ಆರಿಹೋಗುತ್ತೆ."

ಮೋಟರು ಬಂದ ದಾರಿಯಲ್ಲೇ ಹಿಂದಿರುಗಿತು. ಕೆಂಪಾದ ಅಷ್ಟೂ ಕಣ್ಣುಗಳು ಗುಮ್‌ಜಾಳ ಕಡೆ ತಿರುಗಿದವು.

"ಮೂವತ್ತು ವರ್ಷ ಮುಚ್ಕೊಂಡಿದ್ದ ಬಾಯಿ," ಎಂದಳು ಮೇಂಗ್ ಅಜ್ಜಿ, "ಇನ್ನೊಂದು ಅರ್ಧ ಗಂಟೆ ಮುಚ್ಕೊಂಡಿದ್ರೆ ಏನಾಗ್ತಿತ್ತೇ?"

ಬಹುಮಾನವಾಗಿ ಆರನೆಯ ಪುಸ್ತಕ ಬಂತು. ಸುನಿಮ್ ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಮ್ಮೆ ಬೀಸಿ ನೋಡಿ, ಹಿಂದಕ್ಕೆ ಕೊಟ್ಟಳು.

"ರಟ್ಟು ದಪ್ಪ ಅಕ್ಕಾ. ಇದು ಗಾಳಿಗೂ ಆಗಲ್ಲ."